ಡಯಾಲಿಸಿಸ್‌ನಲ್ಲಿರುವ ಅಮ್ಮನಿಗೆ ಅಮೆರಿಕದಿಂದ ಬಂದ ವಿಟಮಿನ್ ಡಬ್ಬಿ: ಕೊಡಬಹುದೇ?

ಪ್ರಶ್ನೆ ಕೇಳಿದವರು: ತೆಂಗಿನಗರಿ, ಅರಸೀಕೆರೆ

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನಿಗೆ 61 ವರ್ಷ. ಸಕ್ಕರೆ ಕಾಯಿಲೆ ಇಪ್ಪತ್ತು ವರ್ಷದಿಂದ ಇದೆ. ಡಯಾಲಿಸಿಸ್ ಶುರುವಾಗಿ ಹದಿನಾಲ್ಕು ತಿಂಗಳಾಯಿತು. ಮಂಗಳವಾರ, ಗುರುವಾರ, ಶನಿವಾರ ಬೆಳಗಿನ ಪಾಳಿ, ನಾಲ್ಕು ಗಂಟೆ. ಸರ್ಕಾರಿ ಆಸ್ಪತ್ರೆಯಾದ್ದರಿಂದ ಖರ್ಚಿಲ್ಲ. ಆದರೆ ಮೂತ್ರಪಿಂಡದ ವೈದ್ಯರು ಬರುವುದು ಹದಿನೈದು ದಿನಕ್ಕೊಮ್ಮೆ. ಹನ್ನೆರಡು ಮಂಚಗಳನ್ನು ನೋಡಿ ನಮ್ಮ ಮಂಚದ ಹತ್ತಿರ ಬರುವ ಹೊತ್ತಿಗೆ ಅವರಿಗೂ ಸುಸ್ತಾಗಿರುತ್ತದೆ, ಕೇಳಬೇಕೆಂದುಕೊಂಡದ್ದು ನನಗೂ ಮರೆತಿರುತ್ತದೆ.

ಈಗಿನ ಸಂಗತಿ ಇದು. ಅಮ್ಮನಿಗೆ ಕೂದಲು ಹಿಡಿಹಿಡಿಯಾಗಿ ಉದುರುತ್ತಿದೆ. ಬಾಯಿಗೆ ರುಚಿ ಇಲ್ಲ. ಡಯಾಲಿಸಿಸ್‌ನ ಕೊನೆಯ ಅರ್ಧ ಗಂಟೆಯಲ್ಲಿ ಕಾಲಿನ ಮೀನಖಂಡ ಹಿಡಿದುಕೊಂಡು ಕಿರುಚಿಕೊಳ್ಳುತ್ತಾರೆ. ನ್ಯೂಜೆರ್ಸಿಯಲ್ಲಿರುವ ಅಣ್ಣ, "ಇದೆಲ್ಲ ವಿಟಮಿನ್ ಕೊರತೆ, ಡಯಾಲಿಸಿಸ್ ಎಲ್ಲವನ್ನೂ ತೊಳೆದು ಹಾಕುತ್ತದೆ" ಎಂದು ಎರಡು ಡಬ್ಬಿ ಕಳಿಸಿದ್ದಾನೆ. ಒಂದು, ಐವತ್ತು ದಾಟಿದವರಿಗೆಂದು ಮಾಡಿದ ಮಲ್ಟಿವಿಟಮಿನ್, ಮುನ್ನೂರು ಮಾತ್ರೆ. ಇನ್ನೊಂದು, ಕೂದಲು ಮತ್ತು ಉಗುರಿಗೆಂದು ಅತ್ತಿಗೆ ಸೇರಿಸಿದ್ದು. ಅದರ ಮೇಲೆ ಬಯೋಟಿನ್ 10,000 ಮೈಕ್ರೋಗ್ರಾಂ ಎಂದಿದೆ. ಮಲ್ಟಿವಿಟಮಿನ್ ಇನ್ನೂ ತೆರೆದಿಲ್ಲ. ಕೂದಲಿನ ಮಾತ್ರೆಯನ್ನು ಮಾತ್ರ, ಏನು ಮಹಾ ಎಂದುಕೊಂಡು, ಕೊಡುತ್ತಿದ್ದೇನೆ. ಹತ್ತು ದಿನವಾಯಿತು. ಮನೆಯಲ್ಲಿ ಕೊರೋನಾ ಕಾಲದ ವಿಟಮಿನ್ ಸಿ 500 ಮಿಲಿಗ್ರಾಂ ಮಾತ್ರೆಗಳೂ ಉಳಿದಿವೆ.

ಈ ತಿಂಗಳ ವರದಿ: ಹಿಮೋಗ್ಲೋಬಿನ್ 9.2, ಕ್ಯಾಲ್ಸಿಯಂ 8.4, ಫಾಸ್ಫರಸ್ 6.1, ಪಿಟಿಎಚ್ 640, ವಿಟಮಿನ್ ಡಿ 14, ಬಿ-12 188. ಒಣ ತೂಕ, ಅಂದರೆ ಹೆಚ್ಚಿನ ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕ, 52 ಕೆ.ಜಿ. ಡಬ್ಬಿ ತೋರಿಸಿದಾಗ ವೈದ್ಯರು "ಇದು ಬೇಡ" ಎಂದರು. ಏಕೆ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಣ್ಣನಿಗೆ ಏನು ಉತ್ತರ ಕೊಡಲಿ? ಕೊರತೆ ಇರುವುದು ವರದಿಯಲ್ಲೇ ಕಾಣುತ್ತಿದೆಯಲ್ಲ?

ಉತ್ತರ: ಉಗ್ರಾಣಿ, ಚಿಕ್ಕಮಗಳೂರು

ತಂಗಿ, ಮೊದಲು ಆ ಕೂದಲಿನ ಮಾತ್ರೆಯನ್ನು ಇವತ್ತೇ ನಿಲ್ಲಿಸಿ. ಕಾರಣ ಆಮೇಲೆ ಹೇಳುತ್ತೇನೆ, ಅದೊಂದು ದೊಡ್ಡ ಕಥೆ, ನನ್ನದೇ ಕಥೆ.

ನಾನು ವೈದ್ಯನಲ್ಲ. ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಇಪ್ಪತ್ತಾರು ವರ್ಷ ಉಗ್ರಾಣ ನೋಡಿಕೊಂಡವನು. ಹನ್ನೊಂದು ವರ್ಷದಿಂದ ಡಯಾಲಿಸಿಸ್. ವಾರಕ್ಕೆ ಮೂರರಂತೆ ಸಾವಿರದ ಏಳುನೂರು ಸಲ ದಾಟಿದೆ, ಪ್ರತಿ ಸಲ ಎರಡು ಸೂಜಿ. ಇಷ್ಟು ಸಲ ಚುಚ್ಚಿಸಿಕೊಂಡವನಿಗೆ ಸ್ವಲ್ಪ ಮಾತನಾಡುವ ಹಕ್ಕಿದೆ ಎಂದುಕೊಂಡಿದ್ದೇನೆ. ಆದರೂ ಇಲ್ಲಿ ಬರೆದದ್ದನ್ನು ವೈದ್ಯರ ಮುಂದಿಟ್ಟು ಕೇಳಿ, ನನ್ನ ಮಾತಿನ ಮೇಲೆ ಮಾತ್ರೆ ಬದಲಾಯಿಸಬೇಡಿ.

ನಿಮ್ಮ ಅಣ್ಣ ಹೇಳಿದ್ದು ಅರ್ಧ ಸರಿ. ಉಗ್ರಾಣದ ಪುಸ್ತಕದಲ್ಲಿ ಎರಡು ಕಲಂ ಇರುತ್ತವೆ, ಆವಕ ಮತ್ತು ಜಾವಕ. ಬಂದದ್ದೆಷ್ಟು, ಹೋದದ್ದೆಷ್ಟು. ನೀರಿನಲ್ಲಿ ಕರಗುವ ವಿಟಮಿನ್‌ಗಳು, ಅಂದರೆ ಬಿ ಗುಂಪಿನವು, ಫೋಲಿಕ್ ಆಮ್ಲ ಮತ್ತು ಸಿ, ಡಯಾಲೈಸರ್‌ನ ಜರಡಿಯ ಮೂಲಕ ಪ್ರತಿ ಸಲವೂ ಒಂದಿಷ್ಟು ಹೊರಗೆ ಹೋಗುತ್ತವೆ. ಅಲ್ಲಿ ಜಾವಕ ಹೆಚ್ಚು, ಅದನ್ನು ತುಂಬಿಸಬೇಕು. ಆದರೆ ವಿಟಮಿನ್ ಎ ಕೊಬ್ಬಿನಲ್ಲಿ ಕರಗುವಂಥದ್ದು. ರಕ್ತದಲ್ಲಿ ಅದು ಒಂದು ಪ್ರೋಟೀನಿನ ಬೆನ್ನೇರಿ ಓಡಾಡುತ್ತದೆ. ಆ ಪ್ರೋಟೀನನ್ನು ಒಡೆದು ಮುಗಿಸುವ ಕೆಲಸ ಮೂತ್ರಪಿಂಡದ್ದು. ಮೂತ್ರಪಿಂಡ ಕೆಟ್ಟರೆ ಅದು ರಕ್ತದಲ್ಲೇ ಉಳಿಯುತ್ತದೆ, ಅದರ ಜೊತೆಗೆ ಎ ಕೂಡ. ಯಂತ್ರವೂ ಅದನ್ನು ತೆಗೆಯುವುದಿಲ್ಲ. ಹಾಗಾಗಿ ನಮ್ಮಂಥವರಲ್ಲಿ ಎ ಸಾಮಾನ್ಯವಾಗಿ ಮೊದಲೇ ಹೆಚ್ಚಾಗಿರುತ್ತದೆ. ಆವಕ ಇದೆ, ಜಾವಕ ಇಲ್ಲ. ಮಲ್ಟಿವಿಟಮಿನ್ ಡಬ್ಬಿಯ ಹಿಂಬದಿ ಓದಿ ನೋಡಿ, ಎ ಇದ್ದೇ ಇರುತ್ತದೆ. ಜೊತೆಗೆ ಪೊಟ್ಯಾಸಿಯಂ, ಫಾಸ್ಫರಸ್, ಮೆಗ್ನೀಸಿಯಂ ಕೂಡ ಒಂದಿಷ್ಟು ಇರಬಹುದು. ನಾವು ಊಟದಿಂದ ಕಷ್ಟಪಟ್ಟು ತೆಗೆದುಹಾಕುವುದನ್ನೇ ಮಾತ್ರೆಯಲ್ಲಿ ನುಂಗಿದ ಹಾಗೆ. ಇನ್ನೊಂದು ವಿಚಿತ್ರ: ಎ ಹೆಚ್ಚಾದರೆ ಚರ್ಮ ಒಣಗುತ್ತದೆ, ತುರಿಸುತ್ತದೆ, ಮೂಳೆ ನೋಯುತ್ತದೆ, ಕೂದಲು ಉದುರುತ್ತದೆ. ಕೂದಲು ಉದುರುತ್ತದೆಂದು ಕೊಟ್ಟ ಡಬ್ಬಿಯೇ ಕೂದಲು ಉದುರಿಸಿದರೆ ಯಾರಿಗೆ ದೂರು ಕೊಡುವುದು?

ಸಿ ವಿಷಯ ಬೇರೆ. ಅದು ಹೊರಗೆ ಹೋಗುತ್ತದೆ, ಬೇಕು, ಆದರೆ ದಿನಕ್ಕೆ 60ರಿಂದ 100 ಮಿಲಿಗ್ರಾಂ ಸಾಕು. 500ರ ಮಾತ್ರೆ ನುಂಗಿದರೆ ಹೆಚ್ಚಾದದ್ದು ದೇಹದಲ್ಲಿ ಆಕ್ಸಲೇಟ್ ಆಗುತ್ತದೆ. ಮೂತ್ರವಿದ್ದವರಿಗೆ ಅದು ಮೂತ್ರದಲ್ಲಿ ಹೋದೀತು. ನನಗೆ ದಿನಕ್ಕೆ ಅರ್ಧ ಲೋಟ ಮೂತ್ರವೂ ಇಲ್ಲ, ಅದು ಎಲ್ಲಿಗೆ ಹೋಗಬೇಕು? ಮೂಳೆಗೆ, ರಕ್ತನಾಳಕ್ಕೆ, ಹೃದಯಕ್ಕೆ. ನೀರಿಗೆ ಹಾಕಿದರೆ ಬುಸುಗುಟ್ಟುವ ಸಿ ಮಾತ್ರೆಗಳಂತೂ ಮುಟ್ಟಲೇಬೇಡಿ. ಆ ಬುಸುಗು ಸೋಡಾದ್ದು, ಅದರಲ್ಲಿ ಸೋಡಿಯಂ ಇದೆ, ಸೋಡಿಯಂ ಬಾಯಾರಿಸುತ್ತದೆ, ಬಾಯಾರಿದರೆ ನೀರು, ನೀರು ಕುಡಿದರೆ ತೂಕ.

ತೂಕದ ಮಾತು ಬಂದದ್ದರಿಂದ ಕೇಳುತ್ತೇನೆ. ಎರಡು ಡಯಾಲಿಸಿಸ್‌ಗಳ ನಡುವೆ ಅಮ್ಮನ ತೂಕ ಎಷ್ಟು ಏರುತ್ತದೆ? ಕೊನೆಯ ಅರ್ಧ ಗಂಟೆಯಲ್ಲಿ ಮೀನಖಂಡ ಹಿಡಿಯುವುದು ಬಹಳ ಸಲ ವಿಟಮಿನ್ ಕೊರತೆಯಿಂದಲ್ಲ, ಕಡಿಮೆ ಹೊತ್ತಿನಲ್ಲಿ ಹೆಚ್ಚು ನೀರು ಎಳೆಯುವುದರಿಂದ. ಅಥವಾ ಒಣ ತೂಕವನ್ನು ತಪ್ಪಾಗಿ ಗುರುತಿಸಿರುವುದರಿಂದ. ತಂತ್ರಜ್ಞರನ್ನು ಕೇಳಿ, ಹಾಳೆಯಲ್ಲಿ ಬರೆದಿರುತ್ತಾರೆ.

ಡಿ ಬಗ್ಗೆ ಗೊಂದಲ ಎಲ್ಲರಿಗೂ ಇದೆ. ಅಕ್ಕಿ ಬೇರೆ, ಅನ್ನ ಬೇರೆ. ವಾರಕ್ಕೊಮ್ಮೆ ಹಾಲಿಗೆ ಕಲಸಿ ಕುಡಿಯುವ 60,000 ಯೂನಿಟ್ ಪುಡಿ ಅಕ್ಕಿ. ಯಕೃತ್ತು ಅದನ್ನು ತೊಳೆದು ಕೊಡುತ್ತದೆ, ಮೂತ್ರಪಿಂಡದ ಒಲೆಯ ಮೇಲೆ ಅದು ಬೇಯಬೇಕು. ನಮ್ಮ ಒಲೆ ಆರಿದೆ. ಕ್ಯಾಲ್ಸಿಟ್ರಯಾಲ್ ಎನ್ನುವ ಚಿಕ್ಕ ಗುಳಿಗೆ, ಸಾಮಾನ್ಯವಾಗಿ 0.25 ಮೈಕ್ರೋಗ್ರಾಂ, ಬೆಂದ ಅನ್ನ. ವರದಿಯಲ್ಲಿ ನೀವು ನೋಡಿದ 14 ಅಕ್ಕಿಯ ಲೆಕ್ಕ. ಅನ್ನ ಸಾಲದೆ ಹೋದಾಗ ಕುತ್ತಿಗೆಯಲ್ಲಿರುವ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಪಿಟಿಎಚ್ ಎಂಬ ಹಾರ್ಮೋನ್ ಸುರಿಸಿ ಮೂಳೆಯಿಂದ ಕ್ಯಾಲ್ಸಿಯಂ ಕೀಳುತ್ತವೆ, ಅದಕ್ಕೇ 640. ಡಯಾಲಿಸಿಸ್‌ನವರಿಗೆ ಪಿಟಿಎಚ್ ಸಹಜ ಮಿತಿಯ ಎರಡರಿಂದ ಒಂಬತ್ತು ಪಟ್ಟಿನ ಒಳಗಿದ್ದರೆ ಸಾಕೆಂದು ವೈದ್ಯರು ನೋಡುತ್ತಾರೆ, ಸರಿಸುಮಾರು 130ರಿಂದ 600. ಅಮ್ಮ ಗಡಿಯ ಆಚೆ ಒಂದು ಕಾಲಿಟ್ಟಿದ್ದಾರೆ, ಗಾಬರಿಯಾಗುವಷ್ಟಲ್ಲ. ಆದರೆ ಅನ್ನ ಕೊಟ್ಟರೆ ಕರುಳು ಕ್ಯಾಲ್ಸಿಯಂ ಜೊತೆಗೆ ಫಾಸ್ಫರಸ್ಸನ್ನೂ ಹೆಚ್ಚು ಹೀರುತ್ತದೆ. ಅದು ಈಗಾಗಲೇ 6.1 ಇದೆ. ಯಾವುದನ್ನು ಮೊದಲು, ಎಷ್ಟು ಎಂಬುದು ವೈದ್ಯರ ತಕ್ಕಡಿ, ನಿಮ್ಮ ಅಣ್ಣನದೂ ಅಲ್ಲ, ನನ್ನದೂ ಅಲ್ಲ.

ಇನ್ನು ನನ್ನ ಕಥೆ. ನಾಲ್ಕು ವರ್ಷದ ಹಿಂದೆ ಮಗಳ ಮದುವೆ ಗೊತ್ತಾಗಿತ್ತು. ಫೋಟೋದಲ್ಲಿ ಬೋಳು ತಲೆ ಕಾಣಬಾರದೆಂಬ ಹುಚ್ಚು. ಔಷಧಿ ಅಂಗಡಿಯಲ್ಲಿ ಕೇಳಿ 10 ಮಿಲಿಗ್ರಾಂನ ಬಯೋಟಿನ್ ಮಾತ್ರೆ ತಂದೆ, ನಿಮ್ಮ ಡಬ್ಬಿಯ ಹತ್ತು ಸಾವಿರ ಮೈಕ್ರೋಗ್ರಾಂ ಅಂದರೂ ಅದೇ. ಮನುಷ್ಯನಿಗೆ ದಿನಕ್ಕೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ. ಯಾರಿಗೂ ಹೇಳಲಿಲ್ಲ, ಕೂದಲಿನ ಮಾತ್ರೆಯನ್ನು ಯಾರಾದರೂ ವೈದ್ಯರಿಗೆ ಹೇಳುತ್ತಾರೆಯೇ? ಎರಡು ತಿಂಗಳ ನಂತರದ ರಕ್ತ ಪರೀಕ್ಷೆಯಲ್ಲಿ 540 ಇದ್ದ ಪಿಟಿಎಚ್ 88ಕ್ಕೆ ಇಳಿದಿತ್ತು. 24 ಇದ್ದ ಡಿ 112 ಆಗಿತ್ತು. ಡಿ ಅತಿಯಾಗಿದೆ, ಗ್ರಂಥಿ ಮಲಗಿದೆ ಎಂದು ಪುಡಿಯನ್ನೂ ಗುಳಿಗೆಯನ್ನೂ ನಿಲ್ಲಿಸಿದರು. ಆ ವರದಿ ನೋಡಿದ ಯಾರಾದರೂ ಹಾಗೆಯೇ ಮಾಡುತ್ತಿದ್ದರು. ನಾನು ಮನೆಯಲ್ಲಿ ಪಾಯಸ ಮಾಡಿಸಿದೆ, ಅದನ್ನೂ ತಿನ್ನಬಾರದಿತ್ತು, ಬಿಡಿ.

ಆರು ವಾರದಲ್ಲಿ ಸೊಂಟದ ಮೂಳೆ ಕೊರೆಯುವಂಥ ನೋವು. ಮೂಳೆ ಸವೆಯುವಾಗ ರಕ್ತದಲ್ಲಿ ಹೆಚ್ಚುವ ಅಲ್ಕಲೈನ್ ಫಾಸ್ಫಟೇಸ್ ಏರುತ್ತಲೇ ಇದೆ, ಪಿಟಿಎಚ್ ಮಾತ್ರ ತೆಪ್ಪಗಿದೆ. ಹೊಸದಾಗಿ ಬಂದಿದ್ದ ಚಿಕ್ಕ ವಯಸ್ಸಿನ ವೈದ್ಯೆಯೊಬ್ಬರಿಗೆ ಈ ಎರಡು ಹೊಂದುವುದಿಲ್ಲವಲ್ಲ ಎನಿಸಿತು. "ಮನೆಯಲ್ಲಿ ಬಾಯಿಗೆ ಹಾಕಿಕೊಳ್ಳುವುದನ್ನೆಲ್ಲ ನಾಳಿದ್ದು ತನ್ನಿ, ಚ್ಯವನಪ್ರಾಶವಿದ್ದರೂ ತನ್ನಿ" ಎಂದರು. ಬಟ್ಟೆ ಚೀಲ ಸುರಿದೆ. ಬಯೋಟಿನ್ ಚೀಟಿ ನೋಡಿ ನಕ್ಕುಬಿಟ್ಟರು.

ಆಗಿದ್ದು ಇಷ್ಟು. ಅನೇಕ ಪ್ರಯೋಗಾಲಯಗಳ ಯಂತ್ರಗಳು ಹಾರ್ಮೋನನ್ನು ಹಿಡಿಯಲು ಬಯೋಟಿನ್‌ನ ಕೊಂಡಿಯನ್ನೇ ಬಳಸುತ್ತವೆ. ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಕೊಂಡಿ ಸಿಕ್ಕಿಕೊಳ್ಳಬೇಕಾದ ಜಾಗವನ್ನು ಅದು ಆಕ್ರಮಿಸುತ್ತದೆ. ಪಿಟಿಎಚ್ ಇದ್ದದ್ದಕ್ಕಿಂತ ಕಡಿಮೆ ತೋರುತ್ತದೆ. ಡಿ ಪರೀಕ್ಷೆ ಬೇರೆ ಬಗೆಯದಾದ್ದರಿಂದ ಅದು ಇದ್ದದ್ದಕ್ಕಿಂತ ಹೆಚ್ಚು ತೋರುತ್ತದೆ. ಎರಡು ಸುಳ್ಳುಗಳು ಒಂದಕ್ಕೊಂದು ಸಾಕ್ಷಿ ಹೇಳಿದವು. ಮೂತ್ರಪಿಂಡ ಸರಿಯಿದ್ದವರಲ್ಲಿ ಬಯೋಟಿನ್ ಬೇಗ ಹೊರಗೆ ಹೋಗುತ್ತದೆ, ನಮ್ಮಲ್ಲಿ ಹೆಚ್ಚು ದಿನ ಉಳಿಯುತ್ತದೆ. ಥೈರಾಯ್ಡ್ ಪರೀಕ್ಷೆಯೂ, ಹೃದಯಾಘಾತಕ್ಕೆ ಮಾಡುವ ಟ್ರೋಪೋನಿನ್ ಪರೀಕ್ಷೆಯೂ ಹೀಗೆ ತಪ್ಪಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ, ನಿಮ್ಮ ಅತ್ತಿಗೆಗೆ ಹೇಳಿ. ಒಂದು ತಿಂಗಳು ನಿಲ್ಲಿಸಿ ಮತ್ತೆ ಪರೀಕ್ಷಿಸಿದಾಗ ನನ್ನ ನಿಜವಾದ ಪಿಟಿಎಚ್ 710. ಕೂದಲು? ಒಂದೂ ಬರಲಿಲ್ಲ. ಮದುವೆ ಫೋಟೋದಲ್ಲಿ ಪೇಟ ಇದೆ.

ಈಗ ಹೇಳಿ ತಂಗಿ, ನಿಮ್ಮ ಅಮ್ಮನ ರಕ್ತ ತೆಗೆದದ್ದು ಆ ಮಾತ್ರೆ ಶುರುಮಾಡುವ ಮೊದಲೋ, ಆಮೇಲೋ? ಆಮೇಲಾದರೆ ಮೇಲಿನ 640 ಮತ್ತು 14 ಎರಡನ್ನೂ ನಂಬಬೇಡಿ.

ಉತ್ತರ: ಪಾಳಿಯಕ್ಕ, ಮಂಡ್ಯ

ಉಗ್ರಾಣಿಯವರು ಹೇಳಿದ್ದಕ್ಕೆ ಅಡುಗೆಮನೆಯ ಮಾತೊಂದನ್ನು ಸೇರಿಸುತ್ತೇನೆ. ನಾನು ಡಯಾಲಿಸಿಸ್ ಘಟಕದಲ್ಲಿ ಶುಶ್ರೂಷಕಿ. ಪೊಟ್ಯಾಸಿಯಂ ಇಳಿಸಲು ತರಕಾರಿಯನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಬಸಿದು ಚೆಲ್ಲಿ ಎಂದು ನಾವೇ ಹೇಳುತ್ತೇವೆ. ಆ ನೀರಿನ ಜೊತೆ ಸಿ ಮತ್ತು ಬಿ ಗುಂಪಿನವೂ ಹೋಗುತ್ತವೆ. ಅಂದರೆ ಅಡುಗೆಯಲ್ಲೊಮ್ಮೆ, ಯಂತ್ರದಲ್ಲೊಮ್ಮೆ, ಎರಡು ಸಲ ನಷ್ಟ. ಅದಕ್ಕೇ ಮೂತ್ರಪಿಂಡದವರಿಗೆಂದೇ ಮಾಡಿದ ಮಾತ್ರೆ ಇರುತ್ತದೆ: ಬಿ ಗುಂಪು, ಫೋಲಿಕ್ ಆಮ್ಲ, ಸ್ವಲ್ಪ ಸಿ, ಎ ಇಲ್ಲ. ಡಯಾಲಿಸಿಸ್ ದಿನ ಅದನ್ನು ಬೆಳಗ್ಗೆ ಕೊಡಬೇಡಿ, ಮನೆಗೆ ಬಂದ ಮೇಲೆ ಕೊಡಿ. ಬೆಳಗ್ಗೆ ಕೊಟ್ಟರೆ ಹತ್ತು ಗಂಟೆಯೊಳಗೆ ಅದರಲ್ಲಿ ಒಂದು ಪಾಲು ನಮ್ಮ ಚರಂಡಿ ಸೇರಿರುತ್ತದೆ.

ನಮ್ಮ ಕಡೆಯ ಒಂದು ಅಪಾಯವೂ ಇದೆ. ಬಸಿದ ನೀರನ್ನು ನಾವು ಚೆಲ್ಲುವುದೇ ಇಲ್ಲ, ಬಸ್ಸಾರು ಮಾಡುತ್ತೇವೆ! "ಸೊಪ್ಪು ಕೊಡಲಿಲ್ಲ ಸಿಸ್ಟರ್, ಬರೀ ಬಸ್ಸಾರು ಕೊಟ್ಟೆ, ತೆಳ್ಳಗಿತ್ತು" ಎನ್ನುತ್ತಾರೆ ಮನೆಯವರು. ಸೊಪ್ಪಿನ, ಕಾಳಿನ ಪೊಟ್ಯಾಸಿಯಂನ ದೊಡ್ಡ ಪಾಲು ಇರುವುದೇ ಆ ತೆಳ್ಳಗಿನದರಲ್ಲಿ. ಪಲ್ಯ ಅವರಿಗಿರಲಿ, ಬಸ್ಸಾರು ಉಳಿದವರಿಗಿರಲಿ.

ಬಿ-12 188 ಎಂದಿದ್ದೀರಿ. ಅಮ್ಮ ಸಸ್ಯಾಹಾರಿಯೇ? ಸಕ್ಕರೆಗೆ ಮೊದಲು ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡಿದ್ದರೇ? ಎರಡೂ ಬಿ-12 ಇಳಿಸುತ್ತವೆ. ಬಿ-12 ಸರಿಪಡಿಸದೆ ಬರೀ ಫೋಲಿಕ್ ಆಮ್ಲ 5 ಮಿಲಿಗ್ರಾಂ ಕೊಡುತ್ತಾ ಹೋದರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ನರ ಮಾತ್ರ ಒಳಗೇ ಹಾಳಾಗುತ್ತಿರುತ್ತದೆ. ಕಾಲು ಉರಿ, ಜೋಮು ಇದ್ದರೆ ವೈದ್ಯರಿಗೆ ಹೇಳಿ. ರುಚಿ ಹೋಗಿರುವುದಕ್ಕೆ ಸತುವಿನ ಕೊರತೆಯೂ ಕಾರಣವಿರಬಹುದು, ಡಯಾಲಿಸಿಸ್ ಸಾಕಷ್ಟು ಆಗದಿದ್ದರೂ ಹೀಗಾಗುತ್ತದೆ. ಅದನ್ನೂ ಕೇಳಿ, ನೀವೇ ಸತುವಿನ ಮಾತ್ರೆ ಶುರುಮಾಡಬೇಡಿ.

ಉತ್ತರ: ಹಸಿರುಜೀವ

ಇಷ್ಟೆಲ್ಲ ರಾಸಾಯನಿಕ ಏಕೆ? ನೋನಿ ರಸ ಕುಡಿಸಿ, ಎಲ್ಲ ವಿಟಮಿನ್ ಅದರಲ್ಲೇ ಇದೆ. ನಮ್ಮ ಮಾವನವರಿಗೂ ಡಯಾಲಿಸಿಸ್. ಒಂದು ಬಾಟಲಿ ಮುಗಿಯುವಷ್ಟರಲ್ಲಿ ರಕ್ತದಲ್ಲಿ ಕಸವಾಗಿ ಉಳಿಯುವ ಕ್ರಿಯಾಟಿನಿನ್ 9ರಿಂದ 4ಕ್ಕೆ ಇಳಿಯಿತು. ಬೇಕಾದವರು ಸಂದೇಶ ಕಳಿಸಿ.

ಉತ್ತರ: ಉಗ್ರಾಣಿ, ಚಿಕ್ಕಮಗಳೂರು

ಸ್ವಾಮಿ, ಆ 9 ಡಯಾಲಿಸಿಸ್‌ಗೆ ಮೊದಲು ತೆಗೆದ ರಕ್ತದ್ದೇ, 4 ಡಯಾಲಿಸಿಸ್ ಮುಗಿದ ಮೇಲೆ ತೆಗೆದದ್ದೇ? ವಿಚಾರಿಸಿ ನೋಡಿ. ಕಸ ಗುಡಿಸಿದ್ದು ಪೊರಕೆ, ಹೆಸರು ಬಾಗಿಲ ತೋರಣಕ್ಕೆ. ನೋನಿ ರಸದಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ. ಮೂತ್ರಪಿಂಡ ಕೆಟ್ಟವರಲ್ಲಿ ಅದರಿಂದ ಪೊಟ್ಯಾಸಿಯಂ ಏರಿದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಪೊಟ್ಯಾಸಿಯಂ ಏರಿದರೆ ಹೃದಯ ನಿಲ್ಲುತ್ತದೆ, ಅದು ನಿಲ್ಲುವ ಮುಂಚೆ ನೋಟಿಸು ಕೊಡುವುದಿಲ್ಲ. ನನ್ನ ಪಕ್ಕದ ಮಂಚದಲ್ಲಿ ಎಳನೀರು ಕುಡಿದು ಬಂದವರೊಬ್ಬರನ್ನು ನೋಡಿದ್ದೇನೆ, ಸೋಮವಾರ ಬೆಳಗ್ಗೆ, ಎರಡು ದಿನದ ಬಿಡುವಿನ ಮೇಲೆ. ಅದನ್ನು ಬರೆಯಲು ನನಗೆ ಇಷ್ಟವಿಲ್ಲ.

ಉತ್ತರ: ನೇತ್ರಾವತಿ_ದಂಡೆ, ಪುತ್ತೂರು

ನಮ್ಮ ತಂದೆಗೂ ಹೊಸದಾಗಿ ಡಯಾಲಿಸಿಸ್ ಶುರುವಾಗಿದೆ. ಮಾತ್ರೆಯ ಸಿ ಬೇಡವಾದರೆ ಮನೆಯಂಗಳದ ಧಾರೆಹುಳಿ ಆಗಬಹುದೇ? ಉಪ್ಪಿನಕಾಯಿ ಬಿಟ್ಟಿದ್ದಾರೆ, ಅದನ್ನು ಹೆಚ್ಚಿ ಹಾಗೆಯೇ ತಿನ್ನುತ್ತೇನೆ ಎನ್ನುತ್ತಿದ್ದಾರೆ.

ಉತ್ತರ: ಪಾಳಿಯಕ್ಕ, ಮಂಡ್ಯ

ಬೇಡ, ಖಂಡಿತ ಬೇಡ! ಒಂದು ಹೋಳೂ ಬೇಡ. ನಕ್ಷತ್ರದ ಆಕಾರದ ಆ ಹಣ್ಣಿನಲ್ಲಿ ಆಕ್ಸಲೇಟ್ ಅಷ್ಟೇ ಅಲ್ಲ, ನರಗಳಿಗೆ ವಿಷವಾಗುವ ಕ್ಯಾರಂಬಾಕ್ಸಿನ್ ಎಂಬ ವಸ್ತುವೂ ಇದೆ. ಮೂತ್ರಪಿಂಡ ಸರಿಯಿದ್ದವರು ತಿಂದರೆ ಅದು ಹೊರಗೆ ಹೋಗುತ್ತದೆ, ಇವರಲ್ಲಿ ಮೆದುಳಿಗೆ ಏರುತ್ತದೆ. ಮೊದಲು ನಿಲ್ಲದ ಬಿಕ್ಕಳಿಕೆ, ಆಮೇಲೆ ಗೊಂದಲ, ಸೆಳವು. ಬ್ರೆಜಿಲ್‌ನಿಂದ ಸಾವುಗಳೂ ವರದಿಯಾಗಿವೆ. ಈಗಾಗಲೇ ತಿಂದಿದ್ದು ಬಿಕ್ಕಳಿಕೆ ಬಂದಿದ್ದರೆ ಮುಂದಿನ ಪಾಳಿಗೆ ಕಾಯಬೇಡಿ, ಇವತ್ತೇ ಆಸ್ಪತ್ರೆಗೆ ಹೋಗಿ. ಬಿಂಬುಳಿಯೂ ಬೇಡ, ಅದರ ರಸದ ಆಕ್ಸಲೇಟಿನಿಂದ ಚೆನ್ನಾಗಿದ್ದವರ ಮೂತ್ರಪಿಂಡವೇ ಕೆಟ್ಟದ್ದನ್ನು ಕೇರಳದ ವೈದ್ಯರು ದಾಖಲಿಸಿದ್ದಾರೆ.

ಉತ್ತರ: ನೇತ್ರಾವತಿ_ದಂಡೆ, ಪುತ್ತೂರು

ತಿಂದಿಲ್ಲ. ಕೊಯ್ದದ್ದನ್ನು ಈಗ ತಾನೇ ಪಕ್ಕದ ಮನೆಗೆ ಕೊಟ್ಟುಬಿಟ್ಟೆ. ಧನ್ಯವಾದ ಅಕ್ಕ.

ಉತ್ತರ: ತೆಂಗಿನಗರಿ, ಅರಸೀಕೆರೆ

ಎಲ್ಲರಿಗೂ ಧನ್ಯವಾದ. ಉಗ್ರಾಣಿ ಅಣ್ಣ, ರಕ್ತ ತೆಗೆದದ್ದು ಮಾತ್ರೆ ಶುರುಮಾಡುವುದಕ್ಕೆ ಮೂರು ದಿನ ಮೊದಲು, ಹಾಗಾಗಿ 640 ನಿಜವಾದದ್ದೇ. ಮಾತ್ರೆ ನಿಲ್ಲಿಸಿದ್ದೇನೆ.

ಶನಿವಾರ ವೈದ್ಯರು ಬಂದಿದ್ದರು. ಈ ಸಲ ಪ್ರಶ್ನೆಗಳನ್ನು ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಂಡು ಹೋಗಿದ್ದೆ. ಹಾಳೆ ನೋಡಿ ಕುರ್ಚಿ ಎಳೆದುಕೊಂಡು ಕುಳಿತರು, ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ. ಬಿ-12 ಚುಚ್ಚುಮದ್ದನ್ನು ಡಯಾಲಿಸಿಸ್ ಮುಗಿದ ಮೇಲೆ ಕೊಡಲು ಬರೆದರು. ಎ ಇಲ್ಲದ ವಿಟಮಿನ್ ಮಾತ್ರೆ ರಾತ್ರಿಗೆ. ಡಿ ಪುಡಿ ವಾರಕ್ಕೊಂದು, ಎಂಟು ವಾರ. ಕ್ಯಾಲ್ಸಿಟ್ರಯಾಲ್ ಈಗ ಬೇಡ, ಫಾಸ್ಫರಸ್ ಇಳಿಯಲಿ ಎಂದರು.

ಅಲ್ಲೇ ನನ್ನ ತಪ್ಪು ಹೊರಬಿತ್ತು. ಫಾಸ್ಫರಸ್ ಹಿಡಿಯುವ ಸೆವೆಲಮರ್ ಮಾತ್ರೆಯನ್ನು ನಾನು ಬೆಳಗ್ಗೆ ಖಾಲಿ ಹೊಟ್ಟೆಗೆ, ಥೈರಾಯ್ಡ್ ಮಾತ್ರೆಯ ಜೊತೆ ಕೊಡುತ್ತಿದ್ದೆ. ಊಟದ ಜೊತೆಯಲ್ಲೇ ನುಂಗಬೇಕಂತೆ, ತಟ್ಟೆಯಲ್ಲಿರುವ ಫಾಸ್ಫರಸ್ಸನ್ನು ಹಿಡಿಯುವುದು ಅದರ ಕೆಲಸ. ಖಾಲಿ ಹೊಟ್ಟೆಯಲ್ಲಿ ಅದು ಥೈರಾಯ್ಡ್ ಮಾತ್ರೆಯನ್ನೇ ಹಿಡಿದಿಟ್ಟುಕೊಳ್ಳುತ್ತಿತ್ತೋ ಏನೋ. ಥೈರಾಯ್ಡ್ ಪರೀಕ್ಷೆಗೂ ಬರೆದಿದ್ದಾರೆ, ಕೂದಲು ಉದುರುವುದು ಅದರಿಂದಲೂ ಇರಬಹುದಂತೆ. ಬಯೋಟಿನ್ ವಿಷಯ ಹೇಳಿದ ಕೂಡಲೇ, ಹಾಗಾದರೆ ಆ ಪರೀಕ್ಷೆ ಮೂರು ವಾರ ಬಿಟ್ಟು ಎಂದರು.

ತೂಕ ನೋಡಿದೆವು. ಎರಡು ದಿನಕ್ಕೆ 3.4 ಕೆ.ಜಿ. ಏರುತ್ತಿದೆ. ಅಮ್ಮ ನೀರು ಹೆಚ್ಚು ಕುಡಿಯುವುದಿಲ್ಲ ಎಂದು ನಾನು ವಾದಿಸಿದೆ. ಸಿಸ್ಟರ್ ಅಮ್ಮನನ್ನೇ ಕೇಳಿದರು. ಮಜ್ಜಿಗೆ ನೀರಲ್ಲವಂತೆ, ಗಂಜಿ ನೀರಲ್ಲವಂತೆ, ಕಾಫಿಯಂತೂ ಲೆಕ್ಕಕ್ಕೇ ಇಲ್ಲವಂತೆ.

ಅಣ್ಣನಿಗೆ ಫೋನಿನಲ್ಲಿ ಆವಕ-ಜಾವಕ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಡಬ್ಬಿ ಎಸೆದುಬಿಡು" ಎಂದ. ಅಮ್ಮ ಎಸೆಯಲು ಬಿಡಲಿಲ್ಲ. ಮಾತ್ರೆ ಸುರಿದು ತೊಳೆದು ಒಣಗಿಸಿ ಸಾಸಿವೆ ತುಂಬಿಟ್ಟಿದ್ದಾರೆ.

ಉತ್ತರ: ಉಗ್ರಾಣಿ, ಚಿಕ್ಕಮಗಳೂರು

ಡಬ್ಬಿಯ ಮೇಲಿನ ಚೀಟಿ ಕಿತ್ತುಹಾಕಿ ತಂಗಿ, ಯಾರಾದರೂ ನೆಂಟರು ಬಂದಾಗ ಮತ್ತೆ ಕೇಳುತ್ತಾರೆ. ಬಿ-12 ಚುಚ್ಚುಮದ್ದು ಕೊಟ್ಟ ದಿನಾಂಕಗಳನ್ನು ಅದೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಪಾಳಿ ಬದಲಾದಾಗ ಕೊಟ್ಟರೋ ಇಲ್ಲವೋ ಎಂದು ಅವರೂ ನಿಮ್ಮನ್ನೇ ಕೇಳುತ್ತಾರೆ. ಮೂರು ವಾರದ ನಂತರದ ಥೈರಾಯ್ಡ್ ವರದಿ ಬಂದರೆ ಇಲ್ಲಿ ಬರೆಯಿರಿ.